ಯಾರೂ ಕಾಲಿಡದ ಮೂಲೆ

"ಮೇಷ್ಟ್ರೇ, ಕಾಲೇಜಿನಲ್ಲಿ ಹಿಡಿಯೋ ಹುಡುಗ ನಾಳೆ ಲೀಗಿನಲ್ಲೂ ಹಿಡೀತಾನೆ ಅಂತ ಇವತ್ತೇ ಗೊತ್ತುಮಾಡೋದು ಹೇಗೆ?"

ಚಲುವರಾಜು ಈ ಪ್ರಶ್ನೆ ಕೇಳಿದಾಗ ಮಾಯಿಗಯ್ಯ ಮೇಷ್ಟ್ರು ಕಬಡ್ಡಿ ಅಂಕಣದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ನಾವು ಏಳೆಂಟು ಮಂದಿ ಅಭ್ಯಾಸ ಮುಗಿಸಿ ಮೈಮೇಲಿನ ಮಣ್ಣು ಒರೆಸಿಕೊಳ್ಳುತ್ತಿದ್ದೆವು.

ಮೇಷ್ಟ್ರು ಯಾರೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಮರಳೇಕೊಪ್ಪಲಿನಲ್ಲಿ ಕಬಡ್ಡಿ ಆಟಗಾರನಿಲ್ಲದ ಮನೆ ಇಲ್ಲ. ಇದೆ ಎಂದು ಯಾರಾದರೂ ತೋರಿಸಿದರೆ, ಒಳಗೆ ಹೋಗಿ ನೋಡಿ, ಅಲ್ಲಿ ಇಬ್ಬರಿರುತ್ತಾರೆ. ಅವರೆಲ್ಲರಿಗೂ ಅಂಕಣದಲ್ಲಿ ಕಾಲಿಡುವುದನ್ನು ಕಲಿಸಿದವರು ಈ ಮೇಷ್ಟ್ರು. ಪೇಟೆಯ ಕೋಚುಗಳಿಗೆ ಸೀಟಿ ಬೇಕು. ನಮ್ಮ ಮೇಷ್ಟ್ರು ಒಮ್ಮೆ ಕೆಮ್ಮಿದರೆ ಏಳು ಜನ ಏಳು ಜಾಗದಲ್ಲಿ ನಿಲ್ಲುತ್ತಾರೆ.

ಚಲುವರಾಜು ಅವರ ಕೈಯಲ್ಲೇ ಬೆಳೆದವನು. ಜಿಲ್ಲೆಯಲ್ಲಿ ಅವನಂಥ ರೈಡರ್ ಬಂದಿಲ್ಲ. ಹಿಂದೆ ಇದ್ದರು ಎನ್ನುವವರು ಅವನ ಆಟ ನೋಡಿಲ್ಲ ಅಷ್ಟೆ. ಈ ಸಲ ಅವನಿಗೊಂದು ದೊಡ್ಡ ಕೆಲಸ ಬಂದಿತ್ತು. ಲೀಗಿನಲ್ಲಿ ಆಡುವ ತಂಡವೊಂದು ನಮ್ಮ ಕಡೆಯ ಕಾಲೇಜುಗಳಿಂದ ಒಬ್ಬ ಒಳ್ಳೆಯ ಡಿಫೆಂಡರ್ ಬೇಕೆಂದು ಅವನನ್ನು ಕೇಳಿತ್ತು. ಎದುರಾಳಿಯ ರೈಡರ್ ಒಳಗೆ ನುಗ್ಗಿದಾಗ ಹಿಡಿದು ಕೆಡವುವ ಹುಡುಗ. ಒಬ್ಬನೇ ಒಬ್ಬ. ಮಾರನೆಯ ಬೆಳಿಗ್ಗೆ ಹೆಸರು ಹೇಳಬೇಕಿತ್ತು.

ಅಷ್ಟು ದೊಡ್ಡವರು ನಮ್ಮ ಕಡೆಯವನೊಬ್ಬನ ಮಾತಿಗಾಗಿ ಕಾದದ್ದು ಅದೇ ಮೊದಲು. ಚಲುವರಾಜು ಹೇಳಿದ ಹುಡುಗ ಅಲ್ಲಿ ನಿಂತರೆ ಮುಂದಿನ ವರ್ಷವೂ ಕೇಳುತ್ತಾರೆ, ಅದರ ಮುಂದಿನ ವರ್ಷವೂ ಕೇಳುತ್ತಾರೆ. ನಿಲ್ಲದಿದ್ದರೆ ನಮ್ಮ ಹುಡುಗರ ಪಾಲಿಗೆ ಆ ಬಾಗಿಲು ಮುಚ್ಚಿದಂತೆಯೇ. ಮಣ್ಣು ಒರೆಸಿಕೊಳ್ಳುತ್ತಿದ್ದ ನಮ್ಮೆಲ್ಲರ ಕಿವಿಯೂ ಅತ್ತಲೇ ಇತ್ತು.

"ನೀನು ಯಾರನ್ನು ನೋಡಿಟ್ಟಿದ್ದೀಯ?" ಎಂದರು ಮೇಷ್ಟ್ರು.

"ಪೇಟೆ ಕಾಲೇಜಿನ ಹುಡುಗ ಒಬ್ಬ ಇದ್ದಾನೆ ಮೇಷ್ಟ್ರೇ. ಆರಡಿ ಮೇಲೆ. ಈ ಸಲದ ಕಾಲೇಜು ಟೂರ್ನಿಯಲ್ಲಿ ಅವನಷ್ಟು ಕ್ಯಾಚ್ ಯಾರೂ ಹಾಕಿಲ್ಲ. ತೊಡೆ ನೋಡಬೇಕು ನೀವು, ಒರಳುಕಲ್ಲು!"

"ಒರಳುಕಲ್ಲು ಓಡಿಬಂದವರನ್ನು ಹಿಡಿಯುತ್ತೇನಯ್ಯ?"

ನಾವು ನಕ್ಕೆವು. ಚಲುವರಾಜುವೂ ನಕ್ಕ, ಆದರೆ ಬಿಡಲಿಲ್ಲ. "ತಮಾಷೆ ಬೇಡಿ ಮೇಷ್ಟ್ರೇ. ಕಾಲೇಜಿನಲ್ಲಿ ಹುಲಿ ಅನಿಸಿಕೊಂಡವರು ಅಲ್ಲಿ ಹೋಗಿ ಬೆಂಚು ಕಾಯೋದನ್ನ ನೋಡಿದ್ದೀನಿ. ನಾನು ಕಳಿಸಿದವನು ಹಾಗಾಗಬಾರದು. ಅದಕ್ಕೇ ಕೇಳ್ತಿದ್ದೀನಿ."

ಮೇಷ್ಟ್ರು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಂದು ಕಬಡ್ಡಿ ತಂಡವಿತ್ತು. ತಂಡದಲ್ಲಿ ರೈಡರ್‌ಗಳು ಬೇಕಾದಷ್ಟಿದ್ದರು. ಹಿಡಿಯುವವರು ಇರಲಿಲ್ಲ. ಹತ್ತು ಅಂಕ ತಂದರೆ ಹನ್ನೆರಡು ಅಂಕ ಕೊಡುತ್ತಿದ್ದರು. ವರ್ತಕನಿಗೆ ಸೋತು ಸೋತು ಸಾಕಾಯಿತು. ಅವನು ತನ್ನ ಆಯ್ಕೆಗಾರನನ್ನು ಕರೆದ.

"ಕಾಲೇಜುಗಳ ಪಂದ್ಯ ನಡೀತಿದೆಯಂತೆ. ಹೋಗು. ನನ್ನ ಅಂಕಣದ ಒಂದು ಮೂಲೆ ಕಾಯೋ ಹುಡುಗನನ್ನ ತಾ. ಈ ಸಲವೂ ಸೋತರೆ ನಿನಗೆ ಬೇರೆ ಕಡೆ ಕೆಲಸ ನೋಡಿಕೊಳ್ಳೋಕೆ ಹೇಳ್ತೀನಿ."

ಆಯ್ಕೆಗಾರ ಹೋದ. ಅವನು ಸೋಮಾರಿಯಲ್ಲ. ಹುಡುಗರನ್ನು ಸಾಲಾಗಿ ನಿಲ್ಲಿಸಿದ. ಎತ್ತರ ಅಳೆದ. ತೂಕ ನೋಡಿದ. ಅಂಗೈ ಅಗಲ ನೋಡಿದ. ಓಡಿಸಿದ, ನೆಗೆಸಿದ, ಭಾರ ಎತ್ತಿಸಿದ. ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ. ಎದ್ದು ಟೀ ಕುಡಿಯಲಿಕ್ಕೂ ಹೋಗಲಿಲ್ಲ.

ಒಂದು ಕಾಲೇಜಿನ ತಂಡದಲ್ಲಿ ಅವನ ಕಣ್ಣು ನಿಂತಿತು. ಆ ತಂಡದ ಎಡ ಮೂಲೆಯಲ್ಲಿ ಒಬ್ಬ ಹುಡುಗನಿದ್ದ. ಎಡ ಬಲ ಅನ್ನುವುದೆಲ್ಲ ಹಿಡಿಯುವವರ ಲೆಕ್ಕದಲ್ಲಿ. ಕಂಬದಂಥ ಹುಡುಗ. ರೈಡರ್ ಕಾಲು ಚಾಚಿದರೆ ಆ ಕಾಲು ಅವನ ಕೈಯಲ್ಲಿರುತ್ತಿತ್ತು. ಒಬ್ಬನಾದ ಮೇಲೆ ಒಬ್ಬನನ್ನು ಹಿಡಿದು ಕೆಡವುತ್ತಿದ್ದ. ಜನ ಸಿಳ್ಳೆ ಹಾಕುತ್ತಿದ್ದರು.

ಅದೇ ತಂಡದ ಬಲ ಮೂಲೆಯಲ್ಲಿ ಇನ್ನೊಬ್ಬನಿದ್ದ. ಎತ್ತರ ಸಾಧಾರಣ. ಮೈ ಸಾಧಾರಣ. ಇಡೀ ಪಂದ್ಯದಲ್ಲಿ ಅವನು ಒಬ್ಬನನ್ನೂ ಹಿಡಿಯಲಿಲ್ಲ. ಅದರ ಹಿಂದಿನ ಪಂದ್ಯದಲ್ಲೂ ಹಿಡಿದಿರಲಿಲ್ಲ. ಸಿಳ್ಳೆ ಹಾಕುವವರಿಗೆ ಅವನ ಹೆಸರೂ ಗೊತ್ತಿರಲಿಲ್ಲ.

ಆಯ್ಕೆಗಾರನಿಗೆ ಒಂದು ಪದ್ಧತಿಯಿತ್ತು. ಅವನು ಹುಡುಗರನ್ನು ಒಬ್ಬೊಬ್ಬರನ್ನಾಗಿ ಅಂಕಣದಲ್ಲಿ ನಿಲ್ಲಿಸಿ, ಒಬ್ಬ ರೈಡರನ್ನು ಅವರ ಮೇಲೆ ಬಿಡುತ್ತಿದ್ದ. ಹಿಡಿದರೆ ಒಂದು ಅಂಕ. ಹಿಡಿಯದಿದ್ದರೆ ಸೊನ್ನೆ. ಎಡ ಮೂಲೆಯವನು ಅಲ್ಲೂ ಹಿಡಿದ. ಬಲ ಮೂಲೆಯವನ ಸರದಿ ಬಂತು. ರೈಡರ್ ಒಳಗೆ ಬಂದ. ಮುಂದೆ ಬಂದ, ಹಿಂದೆ ಸರಿದ. ಅತ್ತ ಹೆಜ್ಜೆ ಇಟ್ಟ, ಇತ್ತ ಹೆಜ್ಜೆ ಇಟ್ಟ. ಹುಡುಗ ಕದಲಲಿಲ್ಲ. ಸುಮ್ಮನೆ ರೈಡರನ ಕಾಲು ನೋಡುತ್ತ ನಿಂತ. ಕೊನೆಗೆ ರೈಡರನ ಉಸಿರು ಮುಗಿಯಿತು. ಮುಟ್ಟದೆ, ಮುಟ್ಟಿಸಿಕೊಳ್ಳದೆ ಹಿಂದಕ್ಕೆ ಹೋದ. ಇನ್ನೊಬ್ಬ ಬಂದ. ಅವನೂ ಹಾಗೆಯೇ ಹೋದ.

ಆಯ್ಕೆಗಾರ ಸೊನ್ನೆ ಹಾಕಿದ.

ಆದರೂ ಅವನು ನ್ಯಾಯವಂತ. ಹುಡುಗನನ್ನು ಕರೆದು ಕೇಳಿದ.

"ಏನಪ್ಪಾ, ಇಷ್ಟು ಪಂದ್ಯ ಆಡಿದ್ದೀಯ. ಒಂದು ಕ್ಯಾಚ್ ಇಲ್ಲವಲ್ಲ?"

ಹುಡುಗ ಸೊಂಟದ ಮೇಲೆ ಕೈಯಿಟ್ಟು ಹೇಳಿದ.

"ಬರ್ಲಿ ಹೇಳಿ ಸಾರ್. ಬಂದ್ರೆ ತಾನೇ ಹಿಡಿಯೋದು?"

ಪಕ್ಕದಲ್ಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ಆಯ್ಕೆಗಾರನಿಗೆ ಮೈ ಉರಿಯಿತು. ಸೊನ್ನೆ ಹಾಕಿಸಿಕೊಂಡವನಿಗೆ ಇಷ್ಟು ಕೊಬ್ಬೇ ಎಂದುಕೊಂಡ. ಎಡ ಮೂಲೆಯವನ ಬೆನ್ನು ತಟ್ಟಿ ಅವನನ್ನೇ ಕರೆದುಕೊಂಡು ಹೋದ.

ವರ್ತಕ ಹುಡುಗನ ಮೈಕಟ್ಟು ನೋಡಿ ಹಿಗ್ಗಿದ. ಶಾಲು ಹೊದಿಸಿ ಫೋಟೋ ತೆಗೆಸಿದ.

ಲೀಗ್ ಶುರುವಾಯಿತು. ಹುಡುಗನ ತೊಡೆ ಅದೇ ತೊಡೆ. ಕೈ ಅದೇ ಕೈ. ಆದರೆ ಕಾಲುಗಳು ಕೈಗೆ ಸಿಗಲಿಲ್ಲ. ಅವನು ಬಗ್ಗುವುದರೊಳಗೆ ರೈಡರ್ ಅವನ ಬೆನ್ನು ಸವರಿ ಗೆರೆ ದಾಟಿರುತ್ತಿದ್ದ. ಮೊದಲ ಪಂದ್ಯದಲ್ಲಿ ಹೊಸಬ ಎಂದರು. ಲೀಗು ನಡುವಿಗೆ ಬಂದಾಗ ಜ್ವರ ಎಂದರು. ಕೊನೆಗೆ ಏನೂ ಅನ್ನಲಿಲ್ಲ. ಹುಡುಗ ಬೆಂಚಿನ ಮೇಲೆ ಕೂತ. ಆ ವರ್ಷವೂ ವರ್ತಕನ ತಂಡ ಸೋತಿತು.

"ನನ್ನ ಮರ್ಯಾದೆ ಹೋಯ್ತು. ನಿನ್ನ ಅಳತೆ ಪಟ್ಟಿಗೆ ಬೆಂಕಿ ಹಾಕು!" ಎಂದ ವರ್ತಕ. "ಇನ್ನೊಂದೇ ಒಂದು ಸಲ ಹೋಗಿ ಬಾ. ಇದು ಕೊನೆ."

ಆಯ್ಕೆಗಾರ ಮತ್ತೆ ಅದೇ ಕಾಲೇಜಿಗೆ ಹೋದ. ತಾನು ಎಲ್ಲಿ ತಪ್ಪಿದೆ ಎಂದು ತಿಳಿಯದೆ ಹೊಸಬನನ್ನು ಆರಿಸಲು ಅವನಿಗೆ ಧೈರ್ಯವಿರಲಿಲ್ಲ. ಅಲ್ಲಿ ಪಂದ್ಯ ನಡೆಯುತ್ತಿತ್ತು. ಎದುರಾಳಿ ತಂಡದ ಔಟಾದ ರೈಡರ್‌ಗಳು ಗೆರೆಯ ಆಚೆ ಕೂತಿದ್ದರು. ಅವನು ಅವರ ಪಕ್ಕ ಹೋಗಿ ಕೂತ.

"ಹೋದ ವರ್ಷ ಈ ತಂಡದಲ್ಲಿ ನಿಮಗೆ ಯಾರನ್ನು ಕಂಡರೆ ಭಯ ಇತ್ತು?"

"ಎಡ ಮೂಲೆಯವನು ಸಾರ್," ಎಂದರು ಎಲ್ಲರೂ. "ನೀವು ಕರ್ಕೊಂಡು ಹೋದ್ರಲ್ಲ, ಅವನೇ. ಹಿಡಿದ್ರೆ ಮೂಳೆ ಲಟಕ್ ಅನ್ನೋದು."

"ಬಲ ಮೂಲೆಯವನು?"

ರೈಡರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅವನೇನು ಮಾಡ್ತಾನೆ ಸಾರ್? ಅವನು ನಮ್ಮನ್ನ ಒಂದ್ ಸಲಾನೂ ಹಿಡಿದಿಲ್ಲ."

ಆಯ್ಕೆಗಾರನಿಗೆ ಇನ್ನಷ್ಟು ಗೊಂದಲವಾಯಿತು. ಅಷ್ಟರಲ್ಲಿ ಅರ್ಧ ಪಂದ್ಯ ಮುಗಿದು ಆಟಗಾರರು ನೀರು ಕುಡಿಯಲು ಹೋದರು. ಅಂಕಣ ಖಾಲಿಯಾಯಿತು.

ಅದು ಮಣ್ಣಿನ ಅಂಕಣ. ಅಲ್ಲಿ ಆತಿಥ್ಯ ಮಾಡುವ ತಂಡವೇ ಪಂದ್ಯಕ್ಕೆ ಮುಂಚೆ ಕೆಮ್ಮಣ್ಣಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಒಂದೇ ಸಮನೆ ಗೆರೆ ಬರುವಂತೆ ಗುಡಿಸಬೇಕು. ಅರ್ಧ ಆಟ ಮುಗಿದ ಮೇಲೆ ಮತ್ತೆ ಗುಡಿಸಬೇಕು. ಅವತ್ತು ಪೊರಕೆ ಹಿಡಿದವನು ಇನ್ನೂ ಬಂದಿರಲಿಲ್ಲ.

ಆಯ್ಕೆಗಾರ ಅಂಕಣ ನೋಡಿದ. ಎದ್ದು ನಿಂತ. ಮತ್ತೆ ನೋಡಿದ.

ಆ ಕಾಲೇಜಿನ ತಂಡ ನಿಂತಿದ್ದ ಅರ್ಧದಲ್ಲಿ, ಎಡಗಡೆ ಉತ್ತ ಹೊಲದ ಹಾಗಿತ್ತು. ಹೆಬ್ಬೆರಳು ಊರಿದ ಗುಂಡಿಗಳು, ಹಿಮ್ಮಡಿ ಜಾರಿದ ಗೀರುಗಳು, ಬಿದ್ದವರ ಮೈ ಒತ್ತಿದ ಗುರುತುಗಳು. ಎಲ್ಲಾ ರೈಡರ್‌ಗಳೂ ಅಲ್ಲಿಗೆ ಹೋಗಿದ್ದರು. ಬಲ ಮೂಲೆಯ ಮುಂದೆ ಪೊರಕೆಯ ಗೆರೆಗಳು ಗುಡಿಸಿದ ಹಾಗೇ ಇದ್ದವು. ಅದರ ಹಿಂದೆ ಒಬ್ಬನೇ ಒಬ್ಬನ ಎರಡು ಪಾದಗಳ ಗುರುತು, ಅಚ್ಚು ಒತ್ತಿದಂತೆ, ನಿಂತ ಜಾಗದಲ್ಲಿ ನಿಂತಿತ್ತು.

ಆಯ್ಕೆಗಾರ ಓಡಿಹೋಗಿ ರೈಡರ್‌ಗಳಲ್ಲಿ ಒಬ್ಬನ ರಟ್ಟೆ ಹಿಡಿದುಕೊಂಡ.

"ನೀವು ಆ ಕಡೆ ಯಾಕೆ ಹೋಗೋದಿಲ್ಲ?"

"ಯಾವ ಕಡೆ ಸಾರ್?"

"ಬಲಗಡೆ!"

ರೈಡರ್ ತಿರುಗಿ ನೋಡಿದ. ತಾನು ಅಲ್ಲಿಗೆ ಹೋಗಿಲ್ಲ ಎನ್ನುವುದು ಅವನಿಗೂ ಆಗಲೇ ಗೊತ್ತಾದದ್ದು.

"ಗೊತ್ತಿಲ್ಲ ಸಾರ್. ಜಾಗ ಇದೆ ಅಂತ ಕಾಣುತ್ತೆ. ಹೋಗೋಣ ಅಂತಲೇ ಒಳಗೆ ಬರ್ತೀನಿ. ನಾನು ಕಾಲು ಎತ್ತೋಕೆ ಮುಂಚೆ ಅವನ ಕಣ್ಣು ಆ ಕಾಲಿನ ಮೇಲೆ ಇರುತ್ತೆ. ಆಮೇಲೆ ನೋಡಿದ್ರೆ ನಾನು ಎಡಗಡೆ ಇರ್ತೀನಿ."

ಆಗ ಆಯ್ಕೆಗಾರನಿಗೆ ಎಲ್ಲಾ ತಿಳಿಯಿತು. ಎಡ ಮೂಲೆಯವನ ಕೈಗೆ ಬಂದ ಕಾಲುಗಳು ಪೂರ್ತಿ ಧೈರ್ಯದ ಕಾಲುಗಳಲ್ಲ. ಒಂದು ಕಡೆ ಹೆದರಿ, ಇನ್ನೊಂದು ಕಡೆಗೆ ಓಡಿಬಂದ ಕಾಲುಗಳು. ಹೆಜ್ಜೆ ಮುರಿದು, ಮೈ ವಾಲಿ, ಬರಬಾರದ ರೀತಿಯಲ್ಲಿ ಬಂದವು. ಅಂಥವನ್ನು ಹಿಡಿಯಲು ಗಟ್ಟಿ ತೊಡೆ ಸಾಕು. ಲೀಗಿನಲ್ಲಿ ಆ ಹುಡುಗನ ಆಚೆ ಬದಿಯಲ್ಲಿ ಹೆದರಿಸುವವನು ಇರಲಿಲ್ಲ. ಅಲ್ಲಿಯವರು ತಮಗೆ ಬೇಕಾದ ಕಾಲಿನಿಂದ, ಬೇಕಾದ ದಾರಿಯಲ್ಲಿ ಬಂದರು.

ಆಟ ಮುಗಿದ ಕೂಡಲೇ ಅವನು ಬಲ ಮೂಲೆಯ ಹುಡುಗನ ಹತ್ತಿರ ಹೋದ. ಹುಡುಗ ಪಾದದ ಮಣ್ಣು ತೊಳೆದುಕೊಳ್ಳುತ್ತಿದ್ದ.

"ನಮ್ಮ ತಂಡಕ್ಕೆ ಬಾರಪ್ಪ. ಅಳತೆ ಬೇಡ, ತೂಕ ಬೇಡ. ನಿನ್ನಂಥವನು ಇನ್ನೊಬ್ಬನಿಲ್ಲ."

"ಅದು ನನಗೆ ಮೊದಲಿಂದ್ಲೂ ಗೊತ್ತು ಸಾರ್," ಎಂದ ಹುಡುಗ. "ಹೋದ ವರ್ಷ ನೀವೂ ಎಲ್ಲರ ಹಾಗೆ ಎಡಗಡೆ ಹೋದ್ರಿ. ನಿಮ್ಮದೇನೂ ತಪ್ಪಿಲ್ಲ, ರೈಡರ್‌ಗಳೂ ಅಲ್ಲಿಗೇ ಹೋಗ್ತಾರೆ."

"ಈಗ ಬಂದೆನಲ್ಲ!"

"ಬೆಳಿಗ್ಗೆ ಇನ್ನೊಂದು ತಂಡದವರು ಬಂದಿದ್ರು ಸಾರ್. ನಿನ್ನೆ ಆಡಿದ ಅಂಕಣ ಗುಡಿಸೋಕೆ ಮುಂಚೇನೇ ಬಂದಿದ್ರು. ಮಾತು ಕೊಟ್ಟಾಯ್ತು."

ಆಯ್ಕೆಗಾರ ಬೇಡಿಕೊಂಡ. ಹುಡುಗ ಕೈಮುಗಿದ. ಕೊಟ್ಟ ಮಾತಿನಿಂದ ಕದಲಲಿಲ್ಲ. ನಿಂತ ಜಾಗದಿಂದ ಕದಲದವನು ಮಾತಿನಿಂದ ಕದಲುತ್ತಾನೆಯೇ?

ಮುಂದಿನ ಲೀಗಿನಲ್ಲಿ ವರ್ತಕನ ತಂಡಕ್ಕೆ ಆ ಹುಡುಗನ ತಂಡವೇ ಎದುರಾಯಿತು. ವರ್ತಕ ಬರಿಗೈಯಲ್ಲಿ ಬಂದ ಆಯ್ಕೆಗಾರನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದ. ಪಂದ್ಯಕ್ಕೆ ಮುಂಚೆ ತನ್ನ ರೈಡರ್‌ಗಳನ್ನು ಕರೆದು ಹೇಳಿದ.

"ಆ ಬಲ ಮೂಲೆಯವನು ಯಾರನ್ನೂ ಹಿಡಿಯೋದೇ ಇಲ್ಲವಂತೆ. ಬರೀ ಕಣ್ಣು ಬಿಡ್ತಾನಂತೆ. ಕಣ್ಣಿಗೆ ಹೆದರೋಕೆ ನೀವೇನು ಮಕ್ಕಳಾ? ಎಲ್ಲರೂ ಬಲಗಡೆ ಹೋಗಿ."

"ಆಗಲಿ ಧಣಿ," ಎಂದರು ರೈಡರ್‌ಗಳು.

ಮೊದಲನೆಯವನು ಬಲಗಡೆಗೆಂದು ಒಳಗೆ ಹೋದ. ಎಡಗಡೆ ಸಿಕ್ಕಿಬಿದ್ದ. ಎರಡನೆಯವನು ಅವನನ್ನು ಬೈದುಕೊಂಡು ಹೋದ. ಅವನೂ ಎಡಗಡೆ ಸಿಕ್ಕಿಬಿದ್ದ. ಮೂರನೆಯವನು ತಂಡದ ನಾಯಕ, ಎದೆ ತಟ್ಟಿಕೊಂಡು ಹೋದ. ವರ್ತಕ ಕುರ್ಚಿಯಿಂದ ಎದ್ದು, "ಬಲಕ್ಕೆ! ಬಲಕ್ಕೆ ಹೋಗೋ!" ಎಂದು ಗಂಟಲು ಹರಿಯುವಂತೆ ಕೂಗಿದ. ನಾಯಕನಿಗೆ ಅದು ಕೇಳಿಸಿತು. ಅವನು ಬಲಕ್ಕೆ ನೋಡಿದ. ಬಲ ಮೂಲೆಯವನು ಅವನ ಕಾಲು ನೋಡುತ್ತಿದ್ದ. ನಾಯಕ ಎಡಕ್ಕೆ ಹೋದ.

ಅವತ್ತಿನ ಪಂದ್ಯದಲ್ಲಿ ಬಲ ಮೂಲೆಯವನು ಒಬ್ಬನನ್ನೂ ಹಿಡಿಯಲಿಲ್ಲ. ಅವನ ತಂಡ ದೊಡ್ಡ ಅಂತರದಿಂದ ಗೆದ್ದಿತು. ಬಹುಮಾನ ಕೊಡುವವರು ಗೆದ್ದ ತಂಡದ ಎಡ ಮೂಲೆಯವನನ್ನು ಕರೆದು ಹಾರ ಹಾಕಿದರು. ಬಲ ಮೂಲೆಯವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತಾನು ಯಾರೆಂದು ಅವನಿಗೆ ಗೊತ್ತಿತ್ತು.

ವರ್ತಕ ಪಕ್ಕದಲ್ಲಿದ್ದ ಆಯ್ಕೆಗಾರನ ಕಡೆ ತಿರುಗಿದ.

"ಬೇಲಿ ಅಲ್ಲೇ ಬಿಟ್ಟು, ಗೇಟು ಕಿತ್ತುಕೊಂಡು ಬಂದೆಯಲ್ಲೋ ಮಹರಾಯ!"

ಆಯ್ಕೆಗಾರ ಅವತ್ತೇ ಕೆಲಸ ಬಿಟ್ಟು ಹೋದ.

ಮೇಷ್ಟ್ರು ಕತೆ ನಿಲ್ಲಿಸಿದರು. ನಾವು ಯಾರೂ ಮೈ ಒರೆಸಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಮೂಲೆಯಲ್ಲಿ ನಿಂತು ಆಡುವವರ ಎದೆ ಎರಡು ಅಂಗುಲ ಮುಂದೆ ಬಂದಿತ್ತು. ಬಂದರೆ ಏನು ತಪ್ಪು? ನಮ್ಮ ಮೇಷ್ಟ್ರ ಮಣ್ಣಿನಲ್ಲಿ ನಿಂತವರು ನಾವು.

ಚಲುವರಾಜು ಮಾತ್ರ ಗಹಗಹಿಸಿ ನಕ್ಕ.

"ಆ ಆಯ್ಕೆಗಾರ ಪೆದ್ದ ಮೇಷ್ಟ್ರೇ! ಹೊರಗೆ ಕುರ್ಚಿ ಹಾಕ್ಕೊಂಡು ಕೂತವನಿಗೆ ಒಳಗಿನದು ಏನು ಗೊತ್ತಾಗುತ್ತೆ? ನಾನು ಹಾಗೆ ಮಾಡಿಲ್ಲ. ಅಭ್ಯಾಸದ ಹೊತ್ತಿನಲ್ಲಿ ನಾನೇ ಅಂಕಣಕ್ಕೆ ಇಳಿದೆ. ಬಂದಿದ್ದ ಎಲ್ಲಾ ಕಾಲೇಜಿನ ಹುಡುಗರ ಮೇಲೂ ನಾನೇ ರೈಡ್ ಹಾಕಿದೆ. ಮನಸ್ಸು ಬಂದ ಕಡೆಯೆಲ್ಲ ನುಗ್ಗಿದೆ. ಆ ಆರಡಿಯವನು ಒಬ್ಬನೇ ನನ್ನ ಕಾಲು ಹಿಡಿದು ನಿಲ್ಲಿಸಿದ್ದು. ನನ್ನನ್ನೇ ನಿಲ್ಲಿಸಿದ ಅಂದಮೇಲೆ ಇನ್ನೇನು ನೋಡೋದಿದೆ?"

"ಚೆನ್ನಾಗಿ ಮಾಡಿದೆ," ಎಂದರು ಮೇಷ್ಟ್ರು. ಎದ್ದು ಪಂಚೆ ಕೊಡವಿಕೊಂಡರು.

"ಮನಸ್ಸು ಬಾರದ ಕಡೆ ಯಾರು ನಿಂತಿದ್ದನಯ್ಯ?"

ಚಲುವರಾಜು ತಾನು ಕಾಲಿಡದೆ ಬಂದ ಮೂಲೆಗಳನ್ನು ಬೆರಳು ಮಡಚಿ ಎಣಿಸತೊಡಗಿದ.